ಕಂಟ್ರಿ ರಾಕ್‌ಗೆ ದಾರಿ ತೆರೆದು 26ಕ್ಕೇ ಹೊರಟುಹೋದ ಗ್ರ್ಯಾಮ್ ಪಾರ್ಸನ್ಸ್

'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡನ್ನು ಒಮ್ಮೆಯಾದರೂ ಕೇಳದ ಸಂಗೀತಪ್ರಿಯರು ಕಡಿಮೆ. ಅದನ್ನು ಹಾಡಿದ ಈಗಲ್ಸ್ ತಂಡದ ಆಲ್ಬಂಗಳು ಕೋಟಿಗಟ್ಟಲೆ ಮಾರಾಟವಾದವು. ಹಳ್ಳಿ ಸೊಗಡಿನ ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸಿ ಅವರಿಗೂ ಮೊದಲೇ ದಾರಿ ತೆರೆದಿದ್ದ ಗ್ರ್ಯಾಮ್ ಪಾರ್ಸನ್ಸ್‌ಗೆ ಮಾತ್ರ ಬದುಕಿದ್ದಾಗ ಒಂದೇ ಒಂದು ಹಿಟ್ ಸಿಗಲಿಲ್ಲ.

ಆತ ಹುಟ್ಟಿದ್ದು 1946ರ ನವೆಂಬರ್ 5ರಂದು, ಅಮೆರಿಕದ ಫ್ಲೋರಿಡಾದಲ್ಲಿ. ತಾಯಿಯ ತವರು ಕಿತ್ತಳೆ ತೋಟಗಳ ಸಿರಿವಂತ ಮನೆತನ. ಬೆಳೆದದ್ದು ಜಾರ್ಜಿಯಾದ ವೇಕ್ರಾಸ್ ಪಟ್ಟಣದಲ್ಲಿ. 1956ರಲ್ಲಿ ಅಲ್ಲಿಗೆ ಬಂದ ಎಲ್ವಿಸ್ ಪ್ರೀಸ್ಲಿಯನ್ನು ಕಂಡ ಹುಡುಗನಿಗೆ ಸಂಗೀತದ ಹುಚ್ಚು ಹಿಡಿಯಿತು.

ಮನೆಯಲ್ಲಿ ದುಡ್ಡಿತ್ತು, ನೆಮ್ಮದಿ ಇರಲಿಲ್ಲ. 1958ರ ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ತಂದೆ ಆತ್ಮಹತ್ಯೆ ಮಾಡಿಕೊಂಡರು. ಪಾರ್ಸನ್ಸ್ ಎಂಬುದು ಮಲತಂದೆಯಿಂದ ಬಂದ ಹೆಸರು. 1965ರಲ್ಲಿ ಹೈಸ್ಕೂಲ್ ಮುಗಿಸಿದ ದಿನವೇ, ಕುಡಿತದಿಂದ ಬಳಲಿದ್ದ ತಾಯಿಯೂ ತೀರಿಕೊಂಡರು. ಹಾರ್ವರ್ಡ್ ಸೇರಿದ ಹುಡುಗ ಒಂದೇ ಸೆಮಿಸ್ಟರ್‌ಗೆ ಹೊರಬಿದ್ದ. ಕುಟುಂಬದ ಆಸ್ತಿಯಿಂದ ಹಣ ಬರುತ್ತಿತ್ತು. ಇಷ್ಟಪಟ್ಟ ಸಂಗೀತ ಮಾಡಲು ಬಿಟ್ಟದ್ದೂ ಆ ಹಣವೇ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳದಂತೆ ಮಾಡಿದ್ದೂ ಅದೇ.

1968ರಲ್ಲಿ ಪ್ರಸಿದ್ಧ ಬರ್ಡ್ಸ್ ತಂಡಕ್ಕೆ ಸೇರಿದ. ವಿಯೆಟ್ನಾಂ ಯುದ್ಧದ ಕಾಲವದು. ಉದ್ದ ಕೂದಲಿನ ರಾಕ್ ಹುಡುಗರಿಗೂ ಕಂಟ್ರಿ ಕೇಳುಗರಿಗೂ ಎಣ್ಣೆ ಸೀಗೆಕಾಯಿ. ಅಂಥದ್ದರಲ್ಲಿ ಪಾರ್ಸನ್ಸ್ ತಂಡವನ್ನು ಕಂಟ್ರಿಯ ಗದ್ದುಗೆಯಾದ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಗೇರುವಂತೆ ಮಾಡಿದ. ಸಾಲದ್ದಕ್ಕೆ, ಘೋಷಿಸಿದ್ದ ಹಾಡು ಬಿಟ್ಟು ತನ್ನದೇ 'ಹಿಕರಿ ವಿಂಡ್' ಹಾಡಿದ, ಸಂಘಟಕರು ಕೆಂಡವಾದರು. ಅದೇ ವರ್ಷ ಬಂದ 'ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ' ಇಂದು ಕಂಟ್ರಿ ರಾಕ್‌ನ ಮೊದಲ ಮೈಲಿಗಲ್ಲುಗಳಲ್ಲೊಂದು. ಆದರೆ ಹಳೆಯ ಕಂಪನಿಯ ಒಪ್ಪಂದದ ತಕರಾರಿನಿಂದ ಕೆಲವು ಹಾಡುಗಳಲ್ಲಿ ಆತನ ದನಿ ತೆಗೆದು ಬೇರೆಯವರಿಂದ ಹಾಡಿಸಲಾಯಿತು.

ಆಲ್ಬಂ ಹೊರಬರುವ ಮುನ್ನವೇ ಆತ ತಂಡದಲ್ಲಿರಲಿಲ್ಲ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾಕ್ಕೆ ಬರುವುದಿಲ್ಲವೆಂದು ಲಂಡನ್‌ನಲ್ಲೇ ಉಳಿದ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಸಂಗ ಬಿಡಲಾರದೆ ಹೀಗೆ ಮಾಡಿದನೇನೋ ಎಂಬ ಗುಮಾನಿ ಬರ್ಡ್ಸ್ ಗೆಳೆಯರಿಗಿತ್ತು. ಎರಡೂ ನಿಜವಿರಬಹುದು.

ಒಂದೇ ಆಲ್ಬಂ ಕೇಳಲು ಸಮಯವಿದ್ದರೆ 1969ರ 'ದ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್' ಕೇಳಬೇಕು. ಬರ್ಡ್ಸ್‌ನ ಕ್ರಿಸ್ ಹಿಲ್ಮನ್ ಜೊತೆ ಕಟ್ಟಿದ ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡದ ಮೊದಲ ಆಲ್ಬಂ ಅದು. ಕರಿಯರ ಸೋಲ್ ಹಾಡುಗಳು ಇಲ್ಲಿ ಕಂಟ್ರಿ ಧಾಟಿಯಲ್ಲಿವೆ. ಸ್ನೀಕಿ ಪೀಟ್ ಕ್ಲೈನೊ ನುಡಿಸಿದ ಪೆಡಲ್ ಸ್ಟೀಲ್ ಒಮ್ಮೆ ಅಳುತ್ತದೆ, ಒಮ್ಮೆ ಎಲೆಕ್ಟ್ರಿಕ್ ಗಿಟಾರ್‌ನಂತೆ ಗುರುಗುಟ್ಟುತ್ತದೆ. ಮುಖಪುಟದಲ್ಲಿ ಪಾರ್ಸನ್ಸ್ ತೊಟ್ಟ ಬಿಳಿ ಸೂಟ್ ಮೇಲೆ ಗಾಂಜಾ ಎಲೆ, ಮಾತ್ರೆಗಳ ಕಸೂತಿ. ಇಷ್ಟೆಲ್ಲ ಇದ್ದೂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ತಲುಪಿದ್ದು 164ನೇ ಸ್ಥಾನ.

ಕುಡಿತ, ಮಾದಕವಸ್ತು ಹೆಚ್ಚಾಗಿ 1970ರಲ್ಲಿ ತಾನೇ ಕಟ್ಟಿದ ತಂಡದಿಂದ ಹೊರಬಿದ್ದ. ಆತನ ಜೊತೆ ಅಲ್ಲಿ ನುಡಿಸುತ್ತಿದ್ದ ಬರ್ನಿ ಲೀಡನ್ ಮರುವರ್ಷ ಈಗಲ್ಸ್ ಕಟ್ಟಿದ ನಾಲ್ವರಲ್ಲಿ ಒಬ್ಬನಾದ.

ಪಾರ್ಸನ್ಸ್‌ಗೆ ಕೊನೆಯ ಅದೃಷ್ಟವಾಗಿ ಸಿಕ್ಕವಳು ಎಮಿಲೂ ಹ್ಯಾರಿಸ್. ವಾಷಿಂಗ್ಟನ್‌ನ ಕ್ಲಬ್‌ಗಳಲ್ಲಿ ಹಾಡುತ್ತಿದ್ದ, ಹೆಚ್ಚು ಹೆಸರಿಲ್ಲದ ಗಾಯಕಿ. 1973ರ 'ಜಿಪಿ' ಆಲ್ಬಂನಲ್ಲಿ ಇಬ್ಬರ ದನಿ ಕೂಡಿತು. ಆತನದು ಅಳುಕುವ ದನಿ, ಆಕೆಯದು ಅದನ್ನು ಬೀಳದಂತೆ ಹಿಡಿಯುವ ದನಿ.

ಎರಡನೇ ಆಲ್ಬಂನ ರೆಕಾರ್ಡಿಂಗ್ ಮುಗಿಸಿ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಮರುಭೂಮಿಗೆ ಹೋದ ಪಾರ್ಸನ್ಸ್, 1973ರ ಸೆಪ್ಟೆಂಬರ್ 19ರಂದು ಅಲ್ಲಿನ ಮೋಟೆಲ್‌ನಲ್ಲಿ ಮಾರ್ಫಿನ್ ಮತ್ತು ಮದ್ಯದ ಅತಿಸೇವನೆಯಿಂದ ಸತ್ತ. ಮರುಭೂಮಿಯಲ್ಲೇ ಸುಡುವುದಾಗಿ ಮಾತು ಕೊಟ್ಟಿದ್ದ ಮ್ಯಾನೇಜರ್ ಫಿಲ್ ಕೌಫ್‌ಮನ್, ಗೆಳೆಯನೊಬ್ಬನ ಜೊತೆ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಿಂದ ಶವ ಕದ್ದೊಯ್ದು ಪೆಟ್ರೋಲ್ ಸುರಿದು ಬೆಂಕಿಯಿಟ್ಟ. ಪೂರ್ತಿ ಸುಡಲಿಲ್ಲ. ಉಳಿದದ್ದನ್ನು ನ್ಯೂ ಆರ್ಲಿಯನ್ಸ್ ಬಳಿ ಹೂಳಲಾಯಿತು. ಹಾಡು ಕೇಳದವರಿಗೂ ಈ ಕಥೆ ಗೊತ್ತು, ಅದೇ ಬೇಸರ.

ಮುಗಿಸಿಟ್ಟಿದ್ದ 'ಗ್ರೀವಸ್ ಏಂಜಲ್' 1974ರ ಜನವರಿಯಲ್ಲಿ ಬಂತು. ಎಮಿಲೂ ಆತನ ಹಾಡುಗಳನ್ನು ಮುಂದೆ ದಶಕಗಳ ಕಾಲ ವೇದಿಕೆಯಿಂದ ವೇದಿಕೆಗೆ ಒಯ್ದಳು. 'ರೋಡಿಯೊ' ಆಲ್ಬಂನಿಂದ ಅಳಿಸಿದ್ದ ಆತನ ದನಿಯೂ ನಂತರದ ಮರುಬಿಡುಗಡೆಗಳಲ್ಲಿ ಕೇಳಸಿಗುತ್ತದೆ.