ಮಂಗಳೂರಿನ ಸೆಮಿನರಿಯನ್ನು ಸ್ಥಾಪಿಸಿದ ಮೋಗ್ಲಿಂಗ್ ಅಯ್ಯನವರ ಚರಿತ್ರೆ



ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿಯೂ ಕೋಲಾರ ಚಿನ್ನದ ಗಣಿಯ ಕೇರಿಗಳಲ್ಲಿಯೂ ವಾಸಿಸುವ ನಮಗೆ ಭೂಮಿಯ ಐಶ್ವರ್ಯವು ಎಂಥದೆಂದು ಬೇರೆಯವರು ಕಲಿಸಬೇಕಾಗಿಲ್ಲ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೆಲಸವನ್ನು ಆರಂಭಿಸಿದರು. ನಮ್ಮ ಹಿರಿಯರು 3 ಕಿಲೋಮೀಟರಿಗಿಂತಲೂ ಹೆಚ್ಚಾದ ಆಳಕ್ಕೆ ಇಳಿದು ಬೆವರು ಸುರಿಸಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಈಗ ನಮ್ಮ ಯೌವನಸ್ಥರಲ್ಲಿ ಅನೇಕರು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿಗೆ ಮನೆ ಸೇರುತ್ತಾರೆ. ಹೀಗಿರಲಾಗಿ, ಒಬ್ಬ ಮಗನನ್ನಾಗಲಿ ಮಗಳನ್ನಾಗಲಿ ಸಭೆಯ ಸೇವೆಗೋಸ್ಕರ ಕೆಲವು ವರ್ಷ ಓದಿಸುವದು ಲಾಭವೋ ನಷ್ಟವೋ ಎಂಬ ಸಂದೇಹವು ತಂದೆತಾಯಿಗಳ ಮನಸ್ಸಿನಲ್ಲಿ ಹುಟ್ಟುವದು ಆಶ್ಚರ್ಯವಲ್ಲ. ಈ ಸಂದೇಹಕ್ಕೆ ಉತ್ತರವಾಗಬಲ್ಲ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1811ರ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಗೆ ಸೇರಿದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಲೂಥರನ್ ಸಭೆಯಲ್ಲಿ ಬೆಳೆದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನವನ್ನು ಅಭ್ಯಾಸಮಾಡಿದರು. ಸ್ವದೇಶದಲ್ಲಿ ಬೋಧಕರಾಗಿ ಗೌರವದಿಂದ ಬಾಳುವ ಮಾರ್ಗವು ಅವರಿಗೆ ತೆರೆದಿದ್ದರೂ ಅದನ್ನು ಬಿಟ್ಟು ಬಾಸೆಲ್ ಮಿಶನ್ನಿಗೆ ತಮ್ಮನ್ನು ಒಪ್ಪಿಸಿಕೊಟ್ಟು 1836ರಲ್ಲಿ ನಮ್ಮ ದೇಶಕ್ಕೆ ಬಂದರು.

ಬಂದ ಮೇಲೆ ಅವರು ಕನ್ನಡವನ್ನು ಮನಃಪೂರ್ವಕವಾಗಿ ಕಲಿತರು. ಜನರ ಭಾಷೆಯನ್ನು ಅರಿಯದವನು ಜನರ ಹೃದಯವನ್ನು ಮುಟ್ಟಲಾರನೆಂಬುದು ಅವರ ನಿಶ್ಚಯವಾಗಿತ್ತು. 1843ರ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ಕನ್ನಡದ ಮೊದಲನೆಯ ಸಮಾಚಾರಪತ್ರಿಕೆ. ಬಡವನೂ ಕೊಂಡು ಓದಲೆಂದು ಅದರ ಕ್ರಯವನ್ನು ಒಂದೇ ದುಡ್ಡು ಮಾಡಿದರು. ಆ ದಿನವನ್ನು ಈಗಲೂ ಕನ್ನಡ ನಾಡಿನಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಮಂಗಳೂರಿನ ಶಾಲೆಯಲ್ಲಿ ಅವರ ಶಿಷ್ಯರಾಗಿದ್ದವರಲ್ಲಿ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರೂ ಒಬ್ಬರು. ಅವರೂ ಇನ್ನಿಬ್ಬರು ಬ್ರಾಹ್ಮಣ ಯುವಕರೂ 1844ರ ಜನವರಿ 6ರಂದು ದೀಕ್ಷಾಸ್ನಾನವನ್ನು ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಗಲಭೆಯುಂಟಾಯಿತು. ಸ್ವಜನರು ಅವರನ್ನು ಹೊರಗೆ ಹಾಕಿದರು. ಆನಂದರಾಯರು ತಮ್ಮ ಗುರುವಿನ ಮೇಲಿನ ಪ್ರೀತಿಯಿಂದ ಹೆರ್ಮನ್ ಎಂಬ ಹೆಸರನ್ನು ಧರಿಸಿಕೊಂಡರು. ಮೋಗ್ಲಿಂಗ್ ಅಯ್ಯನವರು ಶಿಷ್ಯನನ್ನು ಸ್ನಾನದೊಂದಿಗೆ ಬಿಟ್ಟುಬಿಡದೆ, 1846ರಲ್ಲಿ ಬಾಸೆಲಿಗೆ ಕರೆದುಕೊಂಡು ಹೋಗಿ, ಬಿಳಿಯ ವಿದ್ಯಾರ್ಥಿಗಳು ಕಲಿಯುವ ಪಾಠಗಳನ್ನೇ ಅವರೂ ಕಲಿಯುವಂತೆ ಅಲ್ಲಿ ಸೇರಿಸಿದರು. ಕೌಂಡಿನ್ಯರು 1851ರಲ್ಲಿ ಬೋಧಕ ಪಟ್ಟವನ್ನು ಹೊಂದಿ ಮಂಗಳೂರಿಗೆ ಹಿಂದಿರುಗಿ ತಮ್ಮ ದೇಶದವರಿಗೆ ಉಪಾಧ್ಯಾಯರಾದರು. ಈ ದೇಶದವನು ಕಲಿಯುವ ಪೀಠದಲ್ಲಿ ಮಾತ್ರವಲ್ಲ, ಕಲಿಸುವ ಪೀಠದಲ್ಲಿಯೂ ಕೂತುಕೊಳ್ಳಬೇಕೆಂಬ ಗುರುವಿನ ಅಭಿಲಾಷೆಯು ಹೀಗೆ ನೆರವೇರಿತು.

ಒಬ್ಬರನ್ನು ಸಮುದ್ರದಾಚೆಗೆ ಕಳುಹಿಸಬಹುದು, ಎಲ್ಲರನ್ನೂ ಕಳುಹಿಸಲಾಗದು. ಆದಕಾರಣ 1847ರಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಉಪದೇಶಿಗಳಿಗೋಸ್ಕರ ಸೆಮಿನರಿಯು ಏರ್ಪಟ್ಟಿತು. ವಿದ್ಯಾರ್ಥಿಗಳು ದೂರದ ಭಾಷೆಯನ್ನು ಬಾಯಿಪಾಠ ಮಾಡಿ ತಮ್ಮವರಿಗೆ ಅನ್ಯರಾಗಬಾರದು, ಕನ್ನಡದಲ್ಲಿಯೇ ವೇದವನ್ನು ಆಳವಾಗಿ ಅಭ್ಯಾಸಮಾಡಿ ಹಳ್ಳಿಯ ಜಗಲಿಯಲ್ಲಿ ಕೂತು ತಿಳಿಯಹೇಳುವವರಾಗಬೇಕು ಎಂಬುದೇ ಅದರ ಉದ್ದೇಶವಾಗಿತ್ತು.

ಇದಕ್ಕೆಲ್ಲಾ ಹಣವು ಎಲ್ಲಿಂದ ಬಂತೆಂದು ನೀವು ಕೇಳಬಹುದು. ದೊಡ್ಡ ಕೈಗಳಿಂದಲೂ ಬಂತು, ಚಿಕ್ಕ ಕೈಗಳಿಂದಲೂ ಬಂತು. ನೀಲಗಿರಿಯಲ್ಲಿದ್ದ ನ್ಯಾಯಾಧಿಪತಿ ಕಸಮಜೋರ್ ಎಂಬವರು ತಮ್ಮ ಆಸ್ತಿಯನ್ನು ಮಿಶನ್ನಿಗೆ ಬಿಟ್ಟು 1849ರಲ್ಲಿ ನಿದ್ರೆಹೋದರು. ಅವರ ಸಹಾಯದಿಂದಲೇ ಮೋಗ್ಲಿಂಗ್ ಅಯ್ಯನವರು 1848ರಿಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಹಳೆಯ ಕಾವ್ಯಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚುಹಾಕಿಸಿದರು. ನೆರೆಯವನು ಏನನ್ನು ಹಾಡಿ ಅಳುತ್ತಾನೆ, ಏನನ್ನು ಕೇಳಿ ಸಂತೋಷಪಡುತ್ತಾನೆ ಎಂದು ತಿಳಿಯದೆ ಅವನಿಗೆ ಸುವಾರ್ತೆಯನ್ನು ಹೇಳುವದು ಹೇಗೆ? ಚಿಕ್ಕ ಕೈಗಳ ವಿಷಯವೇನಂದರೆ, 1850ರ ದಶಕದಲ್ಲಿ ಬಾಸೆಲಿನ ಸ್ನೇಹಿತರು ಅರ್ಧ ಬಾಟ್ಸನ್ ಎಂಬ ಸಣ್ಣ ನಾಣ್ಯದ ಸಂಗ್ರಹವನ್ನು ಆರಂಭಿಸಿದರು. ಒಕ್ಕಲಿಗರೂ ಮನೆಗೆಲಸದ ಹೆಣ್ಣುಮಕ್ಕಳೂ ವಾರ ವಾರವೂ ಆ ಒಂದು ನಾಣ್ಯವನ್ನು ತಪ್ಪದೆ ಕೊಡುತ್ತಾ ಬಂದರು. ಬಡ ವಿಧವೆಯ ಎರಡು ಕಾಸುಗಳನ್ನು ನೋಡಿದ ಕರ್ತನು ಇವುಗಳನ್ನೂ ನೋಡಿದನು.

ಇನ್ನು ನಮಗೆ ಅತಿ ಸಮೀಪವಾದ ಸಂಗತಿಯನ್ನು ಕೇಳಿರಿ. 1853ರಲ್ಲಿ ಮೋಗ್ಲಿಂಗ್ ಅಯ್ಯನವರು ಕೊಡಗಿಗೆ ಹೋದರು. ಅಲ್ಲಿನ ಸೇವೆಯನ್ನು ಬಾಸೆಲಿನ ಮಂಡಳಿಯು ಮೊದಲು ವಹಿಸಿಕೊಳ್ಳದಿದ್ದರೂ ಅವರು ಹಿಂದೆಗೆಯಲಿಲ್ಲ. ಹೊಲೆಯರೆಂದು ದೂರ ನಿಲ್ಲಿಸಲ್ಪಟ್ಟು ಒಡೆಯರ ಗದ್ದೆಗಳಲ್ಲಿ ಜೀತಮಾಡುತ್ತಿದ್ದ ಕುಟುಂಬಗಳಿಗೋಸ್ಕರ ಆನಂದಪುರವೆಂಬ ಊರನ್ನು ಕಟ್ಟಿದರು. ಜಮೀನನ್ನು ಸಂಪಾದಿಸುವದರಲ್ಲಿ ಶಿಷ್ಯರಾದ ಕೌಂಡಿನ್ಯರು ಸಹಾಯಮಾಡಿದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು ಜೀತದಾಳುಗಳ ಊರಿಗೋಸ್ಕರ ದುಡಿಯುವಂತೆ ಮಾಡಿದ ವಿದ್ಯೆಯನ್ನು ಯಾವ ತಕ್ಕಡಿಯಲ್ಲಿ ತೂಗೋಣ?

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ತನ್ನ ಈ ಹಳೆಯ ವಿದ್ಯಾರ್ಥಿಗೆ ಕನ್ನಡದ ಸೇವೆಗಾಗಿ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿ, 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ಕರ್ತನಲ್ಲಿ ವಿಶ್ರಾಂತಿಯನ್ನು ಹೊಂದಿದರು. ನಮ್ಮ ಸೀಮೆಯ ಗಣಿಗಳು ಬಾಯಿ ತೆರೆಯುತ್ತಿದ್ದ ಕಾಲದಲ್ಲಿ ಅವರ ಕಣ್ಣುಗಳು ಮುಚ್ಚಿದವು.

ಆದರೆ ಅವರು ನೆಟ್ಟದ್ದು ಮುಚ್ಚಿಹೋಗಲಿಲ್ಲ. ಅದೇ 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಮಂಗಳೂರಿನ ಸೆಮಿನರಿಯಲ್ಲಿಯೇ ಓದಿ ಬೋಧಕರಾದರು. ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1965ರಲ್ಲಿ ಮಂಗಳೂರಿನ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಒಂದಾಗಿ ಕರ್ನಾಟಕ ತಿಯಾಲಾಜಿಕಲ್ ಕಾಲೇಜು ಎಂಬ ಹೆಸರನ್ನು ಪಡೆದವು. ಅದು ಸೆರಾಂಪುರದ ಸೆನೆಟಿಗೆ ಸೇರಿದ್ದು, ನಮ್ಮ ಮಕ್ಕಳು ಅಲ್ಲಿ ಓದಿ ಬಿ.ಡಿ. ಪದವಿಯನ್ನು ಪಡೆಯಬಹುದು. ಸೆರಾಂಪುರದ ಕಾಲೇಜಿಗೆ ಪದವಿ ಕೊಡುವ ಅಧಿಕಾರವನ್ನು 1827ರಲ್ಲಿ ದಯಪಾಲಿಸಿದವನು ಲೂಥರನ್ ಸಭೆಯವನಾದ ಡೆನ್ಮಾರ್ಕಿನ ಅರಸನೇ.

ಪ್ರಿಯರೇ, ಸೆಮಿನರಿಯೆಂಬುದು ಗೋಡೆ ಹೆಂಚುಗಳಿಂದ ಮಾತ್ರ ನಿಲ್ಲುವದಿಲ್ಲ. ತನ್ನ ಆಯುಷ್ಯವನ್ನು ಕೊಡುವ ಗುರು, ತಪ್ಪದೆ ಬರುವ ಚಿಕ್ಕ ಕಾಣಿಕೆ, ಕಲಿತು ತನ್ನ ಜನರ ಬಳಿಗೆ ಹಿಂದಿರುಗುವ ಶಿಷ್ಯ, ಈ ಮೂರರಿಂದಲೇ ಅದು ನಿಲ್ಲುತ್ತದೆ. ಗುರುಗಳನ್ನು ದೇವರು ಕೊಟ್ಟಿದ್ದಾನೆ. ಮಿಕ್ಕ ಎರಡು ನಮ್ಮ ಮನೆಗಳಿಂದ ಹೊರಡಬೇಕಾಗಿದೆ. ಕೂಲಿಯ ದಿನ ಒಂದು ಹಿಡಿ ರಾಗಿಯನ್ನೋ ಒಂದು ನಾಣ್ಯವನ್ನೋ ಇದಕ್ಕೆಂದು ಬೇರೆ ಇಡುವದು ಯಾವ ಮನೆಗೂ ಅಸಾಧ್ಯವಲ್ಲ. ಓದಿನಲ್ಲಿ ಆಸಕ್ತಿಯೂ ದೇವರಲ್ಲಿ ಭಯವೂ ಉಳ್ಳ ಮಗುವು ಸಭೆಯಲ್ಲಿದ್ದರೆ ಹಿರಿಯರು ಅದನ್ನು ಗುರುತಿಸಿ, ತಂದೆತಾಯಿಗಳ ಸಂಗಡ ಕೂತು ಪ್ರಾರ್ಥಿಸಿ, ಮುಂದಿನ ಮಾರ್ಗವನ್ನು ಆಲೋಚಿಸಲಿ. ನೆಲದೊಳಗಿನ ಚಿನ್ನವು ಅಗೆದಷ್ಟೂ ಕಡಿಮೆಯಾಗುತ್ತದೆ, ಕಲಿತ ಮಗುವಿನಲ್ಲಿರುವ ಜ್ಞಾನವು ಹಂಚಿದಷ್ಟೂ ಹೆಚ್ಚುತ್ತದೆ. ನಮ್ಮ ಸಭೆಗಳಿಂದಲೂ ಅಂಥ ಕೆಲಸಗಾರರನ್ನು ಕರ್ತನು ಎಬ್ಬಿಸಲಿ. ಆಮೆನ್.