ಟೀನಾ ಮೊಡೊಟ್ಟಿ: ಬೀದಿಗಿಳಿದ ಕ್ಯಾಮೆರಾದ ಕಥೆ

1926ರ ಮೇ 1. ಮೆಕ್ಸಿಕೋ ನಗರದ ಬೀದಿಯೊಂದರಲ್ಲಿ ಕಾರ್ಮಿಕರ ಮೆರವಣಿಗೆ ಸಾಗಿತ್ತು. ಅಗಲ ಅಂಚಿನ ಹುಲ್ಲುಟೋಪಿ ಧರಿಸಿದ ರೈತರು ಮತ್ತು ಕೂಲಿಕಾರರು ಒತ್ತೊತ್ತಾಗಿ ಮುಂದೆ ನಡೆಯುತ್ತಿದ್ದರು. ಎತ್ತರದ ಸ್ಥಳವೊಂದರಲ್ಲಿ ನಿಂತಿದ್ದ ವಿದೇಶೀ ಮಹಿಳೆಯೊಬ್ಬಳು ಕ್ಯಾಮೆರಾವನ್ನು ಕೆಳಮುಖವಾಗಿ ತಿರುಗಿಸಿ ಗುಂಡಿ ಒತ್ತಿದಳು. ಆ ಕ್ಷಣದಲ್ಲಿ ಮೂಡಿದ ಚಿತ್ರದಲ್ಲಿ ಟೋಪಿಗಳೇ ಟೋಪಿಗಳು. ಇಂಥವನೇ ಎಂದು ಗುರುತು ಹಿಡಿಯಬಲ್ಲ ಒಂದು ಮುಖವೂ ಅದರಲ್ಲಿಲ್ಲ. ಇಂದು ಆ ಚಿತ್ರ ನ್ಯೂಯಾರ್ಕ್‌ನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಚಿತ್ರ ತೆಗೆದಾಕೆಯ ಹೆಸರು ಟೀನಾ ಮೊಡೊಟ್ಟಿ. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ದರ್ಜಿ ಕೆಲಸ, ನಾಟಕ, ಸಿನಿಮಾ ಎಂದು ಹಲವು ವೃತ್ತಿಗಳನ್ನು ದಾಟಿ, ಕೇವಲ ಮೂರು ವರ್ಷಗಳ ಹಿಂದೆ ಕ್ಯಾಮೆರಾ ಹಿಡಿದವಳು. ಪರದೇಶದ ಬೀದಿಯಲ್ಲಿ ಪರರ ಹೋರಾಟವನ್ನು ಚಿತ್ರಿಸಲು ಹೊರಟ ಆಕೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

1896ರ ಆಗಸ್ಟ್‌ನಲ್ಲಿ ಇಟಲಿಯ ಉತ್ತರ ಭಾಗದ ಉದಿನೆ ಪಟ್ಟಣದಲ್ಲಿ ಟೀನಾ ಜನಿಸಿದಳು. ತಂದೆ ದುಡಿಮೆಗಾರ, ಸಂಸಾರ ದೊಡ್ಡದು, ಬಡತನ ಹಾಸಿ ಹೊದೆಯುವಷ್ಟು. ಬಾಲ್ಯ ಮುಗಿಯುವ ಮುನ್ನವೇ ಆಕೆ ಬಟ್ಟೆ ಗಿರಣಿಯ ಕೆಲಸಕ್ಕೆ ಸೇರಬೇಕಾಯಿತು. ಚಿಕ್ಕಪ್ಪ ಪಿಯೆತ್ರೊ ಮೊಡೊಟ್ಟಿ ಊರಿನಲ್ಲಿ ಛಾಯಾಚಿತ್ರದ ಸ್ಟುಡಿಯೊ ನಡೆಸುತ್ತಿದ್ದನು. 1913ರಲ್ಲಿ ಹದಿನಾರರ ಹರೆಯದ ಟೀನಾ ಸಮುದ್ರ ದಾಟಿ, ಮೊದಲೇ ಅಮೆರಿಕ ಸೇರಿದ್ದ ತಂದೆಯ ಬಳಿಗೆ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋದಳು. ಅಲ್ಲಿ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಲೇ ಇಟಾಲಿಯನ್ನರ ರಂಗಭೂಮಿಯಲ್ಲಿ ಹೆಸರು ಮಾಡಿದಳು. ಬಳಿಕ ಲಾಸ್ ಏಂಜಲೀಸ್ ಸೇರಿ 1920ರಲ್ಲಿ ಮೂಕಿ ಚಿತ್ರವೊಂದರ ನಾಯಕಿಯೂ ಆದಳು. ಆದರೆ ಚಿತ್ರರಂಗ ಆಕೆಯಲ್ಲಿ ಕಂಡದ್ದು ಚೆಲುವನ್ನು ಮಾತ್ರ.

ಜೊತೆಗಾರ ರೋಬೊ 1922ರಲ್ಲಿ ಮೆಕ್ಸಿಕೋದಲ್ಲಿ ಸಿಡುಬಿನಿಂದ ಮೃತಪಟ್ಟನು. ಮರುವರ್ಷ ಟೀನಾ, ಆಗಲೇ ಪ್ರಸಿದ್ಧನಾಗಿದ್ದ ಅಮೆರಿಕನ್ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್‌ನೊಡನೆ ಮೆಕ್ಸಿಕೋ ನಗರಕ್ಕೆ ಬಂದು ನೆಲೆಸಿದಳು. ಅವರಿಬ್ಬರ ನಡುವೆ ಪ್ರೇಮವಿತ್ತು, ಒಂದು ಒಪ್ಪಂದವೂ ಇತ್ತು. ಮನೆ ಮತ್ತು ಸ್ಟುಡಿಯೊದ ವ್ಯವಹಾರವನ್ನು ಟೀನಾ ನೋಡಿಕೊಳ್ಳಬೇಕು, ಪ್ರತಿಯಾಗಿ ವೆಸ್ಟನ್ ಆಕೆಗೆ ಛಾಯಾಗ್ರಹಣ ಕಲಿಸಬೇಕು. ಗುರುವಿನಿಂದ ಆಕೆ ಕಲಿತ ಮುಖ್ಯ ಪಾಠ ತಾಳ್ಮೆ. ಗುಂಡಿ ಒತ್ತುವ ಮೊದಲೇ ಇಡೀ ಚಿತ್ರ ಕಣ್ಣಿನಲ್ಲಿ ಸಿದ್ಧವಾಗಿರಬೇಕು ಎಂಬ ಪಾಠ. ಗುಲಾಬಿ, ಗಾಜಿನ ಲೋಟ, ಮೆಟ್ಟಿಲು, ಟೆಲಿಗ್ರಾಫ್ ತಂತಿ, ಹೀಗೆ ಅಲುಗಾಡದ ವಸ್ತುಗಳೇ ಆಕೆಯ ಮೊದಲ ವಿಷಯಗಳು.

1926ರ ಆರಂಭದಲ್ಲಿ ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋದಾಗ ಟೀನಾ ಗ್ರಾಫ್ಲೆಕ್ಸ್ ಎಂಬ ಕ್ಯಾಮೆರಾವನ್ನು ಪಡೆದುಕೊಂಡಳು. ಇದು ಭಾರವಾಗಿತ್ತಾದರೂ ಮೂರು ಕಾಲಿನ ಸ್ಟ್ಯಾಂಡಿನ ಹಂಗಿಲ್ಲದೆ ಕೈಯಲ್ಲಿ ಹಿಡಿದು ಬಳಸಬಹುದಾಗಿತ್ತು. ಸ್ಟುಡಿಯೊದ ನಾಲ್ಕು ಗೋಡೆಗಳಿಂದ ಆಕೆ ಬೀದಿಗೆ ಬರಲು ಈ ಕ್ಯಾಮೆರಾ ನೆರವಾಯಿತು. ಕೆಲವೇ ತಿಂಗಳಲ್ಲಿ ಮೇ ದಿನದ ಆ ಚಿತ್ರ ಮೂಡಿತು.

ಮೆಕ್ಸಿಕೋದಲ್ಲಿ 1910ರಲ್ಲಿ ಕ್ರಾಂತಿ ಆರಂಭವಾಗಿ, 1917ರ ಸಂವಿಧಾನ ರೈತನಿಗೆ ಭೂಮಿಯನ್ನೂ ಕಾರ್ಮಿಕನಿಗೆ ಹಕ್ಕುಗಳನ್ನೂ ವಾಗ್ದಾನ ಮಾಡಿತ್ತು. ಆ ವಾಗ್ದಾನ ಪೂರ್ಣವಾಗಿ ಈಡೇರಿರಲಿಲ್ಲ. ಬೀದಿಯಲ್ಲಿ ನಡೆಯುತ್ತಿದ್ದವರು ಅದನ್ನು ನೆನಪಿಸಲು ಬಂದವರು. ಟೀನಾ ಅವರ ಬಡತನವನ್ನು ತೋರಿಸಿ ಕನಿಕರ ಬೇಡಲಿಲ್ಲ, ಅವರ ಒಗ್ಗಟ್ಟನ್ನು ತೋರಿಸಿದಳು. ಅದೇ ಸಂವಿಧಾನದಲ್ಲಿ 33ನೇ ವಿಧಿಯೊಂದಿತ್ತು. ವಿದೇಶೀಯರು ದೇಶದ ರಾಜಕೀಯದಲ್ಲಿ ತಲೆಹಾಕುವಂತಿಲ್ಲ ಎಂದೂ, ಬೇಡವಾದ ವಿದೇಶೀಯರನ್ನು ಸರ್ಕಾರ ವಿಚಾರಣೆಯಿಲ್ಲದೆ ಹೊರಹಾಕಬಹುದೆಂದೂ ಅದು ಹೇಳುತ್ತಿತ್ತು.

1926ರ ಕೊನೆಯಲ್ಲಿ ವೆಸ್ಟನ್ ಶಾಶ್ವತವಾಗಿ ಮೆಕ್ಸಿಕೋ ತೊರೆದನು. ಟೀನಾ ಉಳಿದಳು. 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದಳು. ಅಂದಿನಿಂದ ಆಕೆ ಮೆರವಣಿಗೆಯನ್ನು ಮೇಲಿನಿಂದ ನೋಡುವ ಪ್ರೇಕ್ಷಕಿಯಾಗಿ ಉಳಿಯಲಿಲ್ಲ. ಪಕ್ಷದ ಪತ್ರಿಕೆ ಎಲ್ ಮಚೆತೆಗಾಗಿ ಚಿತ್ರ ತೆಗೆದಳು. ಡಿಯೇಗೊ ರಿವೇರಾ ಮೊದಲಾದವರ ಭಿತ್ತಿಚಿತ್ರಗಳನ್ನು ದಾಖಲಿಸಿದಳು. ನಮ್ಮ ದೇಶಕ್ಕೆ ಸಂಬಂಧಿಸಿದ ಸಂಗತಿಯೊಂದೂ ಇಲ್ಲಿದೆ. ವಾರ್ಧಾದಲ್ಲಿ ಹುಟ್ಟಿ, ಗದರ್ ಚಳವಳಿಯಲ್ಲಿ ತೊಡಗಿ, ಮೆಕ್ಸಿಕೋದಲ್ಲಿ ಕೃಷಿ ವಿಜ್ಞಾನಿಯಾಗಿ ನೆಲೆಸಿದ್ದ ಪಾಂಡುರಂಗ ಖಾನಖೋಜೆ ಅವರು ರೈತರಿಗಾಗಿ ಉಚಿತ ಕೃಷಿ ಶಾಲೆಗಳನ್ನು ನಡೆಸುತ್ತಿದ್ದರು. ಆ ಶಾಲೆಗಳ ಚಟುವಟಿಕೆಗಳನ್ನು ಚಿತ್ರಗಳಲ್ಲಿ ಉಳಿಸಿದವಳು ಟೀನಾ.

1929ರ ಜನವರಿ 10ರ ರಾತ್ರಿ ಆಕೆಯ ಬದುಕು ತಲೆಕೆಳಗಾಯಿತು. ಕ್ಯೂಬಾದಿಂದ ಬಂದು ಆಶ್ರಯ ಪಡೆದಿದ್ದ ವಿದ್ಯಾರ್ಥಿ ನಾಯಕ, ಆಕೆಯ ಸಂಗಾತಿ ಹೂಲಿಯೊ ಆಂಟೊನಿಯೊ ಮೆಯಾ, ಆಕೆಯ ಪಕ್ಕದಲ್ಲೇ ನಡೆದು ಬರುತ್ತಿದ್ದಾಗ ಗುಂಡೇಟಿಗೆ ಬಲಿಯಾದನು. ಪೊಲೀಸರು ರಾಜಕೀಯ ಕೊಲೆಯ ಜಾಡು ಹಿಡಿಯುವ ಬದಲು ಟೀನಾಳನ್ನೇ ಶಂಕಿಸಿದರು. ಆಕೆಯ ಮನೆಯನ್ನು ಜಾಲಾಡಿದರು. ವೆಸ್ಟನ್ ತೆಗೆದಿದ್ದ ಆಕೆಯ ನಗ್ನ ಚಿತ್ರಗಳನ್ನು ಮುಂದಿಟ್ಟುಕೊಂಡು ಪತ್ರಿಕೆಗಳು ಆಕೆಯ ಶೀಲವನ್ನು ಹರಾಜಿಗಿಟ್ಟವು. ಮೆರವಣಿಗೆಯವರ ಮುಖಗಳನ್ನು ಟೋಪಿಗಳ ಮರೆಯಲ್ಲಿಟ್ಟಿದ್ದ ಛಾಯಾಗ್ರಾಹಕಿಯ ಖಾಸಗಿ ಬದುಕಿಗೆ ಯಾವ ಮರೆಯೂ ದೊರೆಯಲಿಲ್ಲ. ಕೊನೆಗೆ ಆಕೆ ನಿರ್ದೋಷಿಯೆಂದು ಬಿಡುಗಡೆಯಾದಳು.

ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ಆಕೆಯ ಚಿತ್ರಗಳ ಪ್ರದರ್ಶನ ನಡೆಯಿತು. ತಾನು ಕಲಾವಿದೆಯೆಂದು ಕರೆಸಿಕೊಳ್ಳಲು ಆಕೆಗೆ ಇಷ್ಟವಿರಲಿಲ್ಲ. ಪ್ರಾಮಾಣಿಕ ಚಿತ್ರಗಳನ್ನು ತೆಗೆಯುವ ಛಾಯಾಗ್ರಾಹಕಿ ಎನಿಸಿದರೆ ಸಾಕೆಂಬುದು ಆಕೆಯ ನಿಲುವು. ಎರಡು ತಿಂಗಳೂ ಕಳೆದಿರಲಿಲ್ಲ, 1930ರ ಫೆಬ್ರವರಿ 5ರಂದು ಹೊಸ ಅಧ್ಯಕ್ಷ ಪಾಸ್ಕುವಾಲ್ ಓರ್ತಿಸ್ ರುಬಿಯೊ ಮೇಲೆ ಗುಂಡಿನ ದಾಳಿ ನಡೆಯಿತು. ಟೀನಾಳನ್ನು ಬಂಧಿಸಿ ಸೆರೆಮನೆಗೆ ತಳ್ಳಲಾಯಿತು. ಬಳಿಕ 33ನೇ ವಿಧಿಯನ್ನು ಪ್ರಯೋಗಿಸಿ ಹಡಗು ಹತ್ತಿಸಲಾಯಿತು. ಮುಸೊಲಿನಿಯ ಇಟಲಿಗೆ ಮರಳುವಂತಿರಲಿಲ್ಲ. ಆಕೆ ಬರ್ಲಿನ್ ಸೇರಿದಳು.

ಬರ್ಲಿನ್‌ನ ಬೀದಿಗಳಲ್ಲಿಯೂ ಪ್ರತಿಭಟನೆಗಳಿಗೆ ಕೊರತೆಯಿರಲಿಲ್ಲ. ಆದರೆ ಅಲ್ಲಿ ಟೀನಾಳ ಕೈ ಸೋತಿತು. ಆಕೆಯ ಗ್ರಾಫ್ಲೆಕ್ಸ್‌ಗೆ ಹೊಂದುವ ಸಾಮಗ್ರಿ ಜರ್ಮನಿಯಲ್ಲಿ ಸಿಗುತ್ತಿರಲಿಲ್ಲ. ಮೆಕ್ಸಿಕೋದ ಬಿಸಿಲಿನಲ್ಲಿ ಪಳಗಿದ ಕಣ್ಣಿಗೆ ಅಲ್ಲಿನ ಮಬ್ಬು ಬೆಳಕು ಒಗ್ಗಲಿಲ್ಲ. ಪತ್ರಿಕಾ ಛಾಯಾಗ್ರಾಹಕರು ಲೈಕಾದಂತಹ ಪುಟ್ಟ ಕ್ಯಾಮೆರಾ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಕಸಿದು ಓಡುತ್ತಿದ್ದರು. ನಿಂತು, ನೋಡಿ, ಯೋಚಿಸಿ ಚಿತ್ರ ತೆಗೆಯುವವಳಿಗೆ ಆ ಓಟ ಸಾಧ್ಯವಾಗಲಿಲ್ಲ. ಮೊದಲ ಗುರು ಕಲಿಸಿದ ತಾಳ್ಮೆಯೇ ಈಗ ಅಡ್ಡಿಯಾಯಿತು. ಅದೇ ವರ್ಷ ಆಕೆ ಮಾಸ್ಕೋಗೆ ತೆರಳಿ, ರಾಜಕೀಯ ಸಂತ್ರಸ್ತರಿಗೆ ನೆರವು ನೀಡುವ ಸಂಸ್ಥೆಯ ಕೆಲಸದಲ್ಲಿ ಮುಳುಗಿದಳು. ಕ್ರಮೇಣ ಕ್ಯಾಮೆರಾವನ್ನು ಬದಿಗಿಟ್ಟಳು.

1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಆರಂಭವಾದಾಗ ಜಗತ್ತಿನ ಛಾಯಾಗ್ರಾಹಕರು ಅಲ್ಲಿಗೆ ಧಾವಿಸಿದರು. ಟೀನಾ ಕೂಡ ಅಲ್ಲಿದ್ದಳು. ಆದರೆ ಮರಿಯಾ ಎಂಬ ಹೆಸರಿನಲ್ಲಿ, ಗಾಯಾಳುಗಳ ಶುಶ್ರೂಷಕಿಯಾಗಿ. 1939ರಲ್ಲಿ ಗಣರಾಜ್ಯ ಸೋತ ಬಳಿಕ ಸುಳ್ಳು ಹೆಸರಿನಲ್ಲಿ ಮೆಕ್ಸಿಕೋಗೆ ಮರಳಿದಳು. ಅಧ್ಯಕ್ಷ ಲಾಸಾರೊ ಕಾರ್ಡೆನಾಸ್ ಅವರ ಸರ್ಕಾರ ಆಕೆಯ ಗಡೀಪಾರು ಆದೇಶವನ್ನು ರದ್ದುಪಡಿಸಿತು. 1942ರ ಜನವರಿ 5ರ ರಾತ್ರಿ, ಸ್ನೇಹಿತರ ಮನೆಯಿಂದ ಹಿಂದಿರುಗುತ್ತಿದ್ದಾಗ ಟ್ಯಾಕ್ಸಿಯಲ್ಲೇ ಹೃದಯ ಸ್ತಂಭನದಿಂದ ಕೊನೆಯುಸಿರೆಳೆದಳು. ಆಗ ವಯಸ್ಸು ಕೇವಲ 45. ಸಾವಿನ ಬಗೆಗೂ ಗಾಳಿಸುದ್ದಿಗಳು ಹಬ್ಬಿದವು. ಚಿಲಿಯ ಕವಿ ಪಾಬ್ಲೊ ನೆರೂದ ಬರೆದ ಶೋಕಗೀತೆಯ ಭಾಗವನ್ನು ಆಕೆಯ ಸಮಾಧಿಯ ಮೇಲೆ ಕೆತ್ತಲಾಗಿದೆ.

ದಶಕಗಳ ಕಾಲ ಲೋಕ ಆಕೆಯನ್ನು ವೆಸ್ಟನ್‌ನ ರೂಪದರ್ಶಿ ಎಂದಷ್ಟೇ ನೆನೆಯಿತು. 1991ರಲ್ಲಿ ಆಕೆಯ ಗುಲಾಬಿಗಳ ಚಿತ್ರ ನ್ಯೂಯಾರ್ಕ್‌ನ ಹರಾಜಿನಲ್ಲಿ 1,65,000 ಡಾಲರ್‌ಗೆ ಮಾರಾಟವಾದಾಗ ಪತ್ರಿಕೆಗಳು ಮತ್ತೆ ಆಕೆಯತ್ತ ತಿರುಗಿದವು. ಆದರೆ ಟೀನಾಳ ಬದುಕಿನ ತಿರುಳು ಗುಲಾಬಿಗಳಿಗಿಂತ ಆ ಟೋಪಿಗಳ ಚಿತ್ರದಲ್ಲಿದೆ. ಆಕೆ ಕ್ಯಾಮೆರಾ ಹಿಡಿದು ಕಳೆದದ್ದು ಹತ್ತು ವರ್ಷವೂ ಇಲ್ಲ. ಯಾವ ಜನರಿಗಾಗಿ ಅದನ್ನು ಕೈಗೆತ್ತಿಕೊಂಡಳೋ ಅವರಂಥವರ ಸೇವೆಗಾಗಿಯೇ ಅದನ್ನು ಕೆಳಗಿಟ್ಟಳು. ಗಡೀಪಾರು ಮಾಡಿದ ದೇಶವೇ ಕೊನೆಗೆ ಆಕೆಗೆ ಮಣ್ಣು ನೀಡಿತು.