ಮೀನುಗಳ ಗುರುತು ಹಿಡಿದ ವೈದ್ಯ ಫ್ರಾನ್ಸಿಸ್ ಡೇ

ಮಕ್ಕಳೇ, ಬಲೆಗೆ ಬಿದ್ದ ಮರಿಮೀನನ್ನು ಮರಳಿ ನೀರಿಗೆ ಬಿಡಬಹುದು. ಆದರೆ ಈಟಿಯೋ ಬಾಣವೋ ನಾಟಿದ ಮೀನು ಬದುಕುವುದು ಕಷ್ಟ. ಆದ್ದರಿಂದ ಹೊಡೆಯುವ ಮೊದಲೇ ಅದು ಯಾವ ಮೀನೆಂದು ತಿಳಿದಿರಬೇಕು. ಭಾರತದ ಮೀನುಗಳನ್ನು ಗುರುತಿಸಲು ದಾರಿ ತೋರಿದವರಲ್ಲಿ ಫ್ರಾನ್ಸಿಸ್ ಡೇ ಪ್ರಮುಖರು.

ಡೇ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. 1852ರಲ್ಲಿ ಮದರಾಸು ಸೈನ್ಯದ ವೈದ್ಯರಾಗಿ ಭಾರತಕ್ಕೆ ಬಂದರು. ಕೆಲಸದ ನಡುವೆ ಮೀನುಗಳ ಅಧ್ಯಯನ ಆರಂಭಿಸಿ, 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದರು.

ಮುಂದೆ ಅವರು ಅಂಡಮಾನ್ ದ್ವೀಪಗಳ ಮೀನುಗಳ ಬಗ್ಗೆಯೂ ಅಲ್ಲಿನ ಮೂಲನಿವಾಸಿಗಳ ಬಗ್ಗೆಯೂ ಬರೆದರು. ಆ ಜನರು ಹವಳದ ದಿಬ್ಬಗಳ ಮೇಲಿನ ತಿಳಿನೀರಿನಲ್ಲಿ ನಿಂತು ಬಿಲ್ಲುಬಾಣದಿಂದ ಮೀನು ಹೊಡೆಯುತ್ತಿದ್ದರು.

ಹವಳದ ದಿಬ್ಬದ ಮೀನುಗಳನ್ನು ಗುರುತಿಸುವುದು ಸುಲಭವಲ್ಲ. ಸತ್ತ ಮೇಲೆ ಅವುಗಳ ಬಣ್ಣ ಮಾಸುತ್ತದೆ. ಎಂಪರರ್ ಏಂಜೆಲ್ ಎಂಬ ಮೀನಿನ ಮರಿಗೆ ಕಡುನೀಲಿ ಮೈಮೇಲೆ ಬಿಳಿ ಬಳೆಗಳಂಥ ಗೆರೆಗಳಿರುತ್ತವೆ. ಬೆಳೆದಾಗ ಹಳದಿ ಪಟ್ಟೆಗಳು ಬರುತ್ತವೆ. ಹಿಂದಿನ ವಿಜ್ಞಾನಿಗಳು ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದೇ ತಿಳಿದಿದ್ದರು! ಹಾಗಾಗಿ ಬಣ್ಣವೊಂದನ್ನೇ ನಂಬದೆ ಈಜುರೆಕ್ಕೆಯ ಮುಳ್ಳುಗಳನ್ನೂ ಮೈಯ ಹುರುಪೆಗಳನ್ನೂ ಎಣಿಸಬೇಕು.

ಸರ್ಕಾರ ಡೇ ಅವರನ್ನು ಭಾರತದ ಮೀನುಗಾರಿಕೆಯ ಮಹಾ ನಿರೀಕ್ಷಕರನ್ನಾಗಿ ನೇಮಿಸಿತು. 1873ರ ವರದಿಯಲ್ಲಿ ಅವರು ಸಿಹಿನೀರಿನ ಮೀನುಗಳಿಗೆ ಒದಗಿದ್ದ ಅಪಾಯಗಳನ್ನು ವಿವರಿಸಿದರು. ಸಣ್ಣ ಕಣ್ಣಿನ ಬಲೆಗಳು ಮರಿಗಳನ್ನೂ ಬಾಚುತ್ತಿದ್ದವು. ಕೆಲವರು ನೀರಿಗೆ ವಿಷ ಬೆರೆಸುತ್ತಿದ್ದರು. ಅಣೆಕಟ್ಟುಗಳು ಮೊಟ್ಟೆಯಿಡಲು ಹೊರಟ ಮೀನುಗಳ ದಾರಿ ತಡೆಯುತ್ತಿದ್ದವು.

1875ರಿಂದ 1878ರವರೆಗೆ ಅವರ ಭಾರತದ ಮೀನುಗಳ ಸಚಿತ್ರ ಗ್ರಂಥ ಹೊರಬಂತು. ಕರಾವಳಿ ಕರ್ನಾಟಕದ ಒಂದು ಮೀನಿಗೆ ಅವರು 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟರು. ಕೆನರಾ ಎಂದರೆ ಆಗಿನ ಕನ್ನಡ ಜಿಲ್ಲೆ.

ಡೇ 1889ರಲ್ಲಿ ತೀರಿಕೊಂಡರು. 8 ವರ್ಷಗಳ ನಂತರ, 1897ರಲ್ಲಿ, ವಿಷ ಹಾಕಿ ಅಥವಾ ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದನ್ನು ನಿಷೇಧಿಸುವ ಕಾನೂನು ಬಂತು.

ನಮ್ಮ ಮುಂಡರಗಿ, ಶಿರಹಟ್ಟಿ ಭಾಗದಲ್ಲಿ ತುಂಗಭದ್ರೆ ಹರಿಯುತ್ತದೆ. ಅಲ್ಲಿ ಸಮುದ್ರವಿಲ್ಲ, ಹವಳವೂ ಇಲ್ಲ. ಆದರೂ ಮಾತು ಒಂದೇ: ಹೆಸರೇ ಗೊತ್ತಿಲ್ಲದ ಮೀನು ಕಾಣೆಯಾದರೆ ಯಾರಿಗೂ ತಿಳಿಯುವುದಿಲ್ಲ.

ಮಾಡಿ ನೋಡಿ: ಗದಗ-ಬೆಟಗೇರಿ ಅಥವಾ ಲಕ್ಷ್ಮೇಶ್ವರದ ಪೇಟೆಗೆ ಹೋದಾಗ ಮೀನು ಮಾರುವವರನ್ನು ಮಾತನಾಡಿಸಿ. ಮೀನುಗಳ ಹೆಸರು ಕೇಳಿ ಬರೆದುಕೊಳ್ಳಿ. ಹಿರಿಯರ ನೆರವಿನಿಂದ ಒಂದು ಮೀನಿನ ಬೆನ್ನಿನ ರೆಕ್ಕೆಯ ಮುಳ್ಳುಗಳನ್ನು ಎಣಿಸಿ, ಚಿತ್ರ ಬರೆಯಿರಿ.